ನಾಲ್ಕು ಸ್ಟಾರ್ ಕಾಣದ ಶುಕ್ರವಾರಗಳು

೧
ಎಲ್ಲಿಂದ ಶುರುಮಾಡಲಿ? ಮೊಬೈಲಿನಿಂದಲೋ, ಮಾತಿನಿಂದಲೋ? ಮಾತು ಹಳೆಯದು, ಅದಕ್ಕೇ ಮೊದಲ ಮಣೆ. ಹನ್ನೊಂದು ವರ್ಷದ ಹಿಂದೆ ಹೊಲಿಗೆಯವಳು ಮಗಳನ್ನು ಹೆತ್ತು ಮಲಗಿದ್ದಾಗ, ಹೋಟೆಲು ನಡೆಸುತ್ತಿದ್ದ, ಅವಳು ಮಾವ ಎಂದೇ ಕರೆಯುವ ಹಿರಿಯರು ಮೂರು ಬೀದಿ ದಾಟಿ ತಿಂಗಳಿಡೀ ಸೂಪು ಹೊತ್ತು ತಂದಿದ್ದರು. "ಮಾವ, ಇನ್ಮೇಲೆ ನಮ್ಮನೇಲಿ ಶುಕ್ರವಾರದ ಊಟ ನಿಮ್ಮ ಕೈದೇ" ಎಂದು ಅವಳು ಮಾತು ಕೊಟ್ಟಳು. (ಬಾಣಂತಿಯ ಮಾತು, ಯಾರು ಹಿಡಿದುಕೊಳ್ಳುತ್ತಾರೆ? ಅವಳೇ ಹಿಡಿದುಕೊಂಡಳು.)

೨
ಈ ಭಾಗವನ್ನು ಬರೆದು ಹರಿದು ಹಾಕಿದೆ. ಅದರಲ್ಲಿ ಅವಳ ಗಂಡನ ಜಗಳವಿತ್ತು. ಕತೆಗೆ ಬೇಡ, ನಿಮಗಂತೂ ಬೇಡವೇ ಬೇಡ.

೩
ಸೋಂಕು ಬಂತು, ಬೀದಿಗೆ ಬೀಗ ಬಿತ್ತು. ಊಟ ತರಿಸುವ ಆ್ಯಪ್‌ನಲ್ಲಿ ಮಾವನ ಹೋಟೆಲಿನ ಹೆಸರು ಕಂಡಾಗ ಅವಳಿಗೆ ಹೋದ ಜೀವ ಬಂತು. ಪ್ರತಿ ಶುಕ್ರವಾರ ಅದೇ ಗುಂಡಿ: "ಮತ್ತೆ ಆರ್ಡರ್ ಮಾಡಿ". ಉಂಡ ಮೇಲೆ ಐದು ಸ್ಟಾರ್.

"ಅಮ್ಮಾ, ಇದು ತಾತನ ಸೂಪಲ್ಲ" ಎಂದಳು ಮಗಳು ಒಂದು ದಿನ.

"ಸುಮ್ನೆ ತಿನ್ನೇ. ವಯಸ್ಸಾಗಿದೆ ಅವ್ರಿಗೆ, ಉಪ್ಪು ಜಾಸ್ತಿ ಬಿದ್ದಿದೆ."

ಅಂದೂ ಐದೇ.

೪
ಬೀಗ ತೆಗೆದ ದಿನ ನಡೆದುಕೊಂಡೇ ಹೋದಳು. ಹೋಟೆಲಿನ ಶಟರ್ ಎಳೆದಿತ್ತು. ಪಕ್ಕದ ಮೆಟ್ಟಿಲ ಮೇಲೆ ಮಾವ ಕೂತಿದ್ದರು.

"ಜ್ವರ ಹೋಗೋವಾಗ ನಾಲಗೆನೂ ಹೊತ್ಕೊಂಡು ಹೋಯ್ತು ಕಣಮ್ಮ. ಉಪ್ಪು ಯಾವ್ದು, ಸಕ್ಕರೆ ಯಾವ್ದು, ಒಂದೂ ತಿಳಿಯಲ್ಲ. ಸೌಟು ಮುಟ್ಟಿ ಎಂಟು ತಿಂಗಳಾಯ್ತು. ಹೋಟೆಲಿನ ಹೆಸರು ಮಾತ್ರ ಇನ್ಯಾರಿಗೋ ಬಿಟ್ಕೊಟ್ಟೆ, ಬೇರೆಲ್ಲೋ ಬೇಯಿಸಿ ಆ್ಯಪ್‌ನಲ್ಲಿ ಮಾರ್ತಾರೆ, ಅಡುಗೆ ಅವ್ರದೇ."

"ನಂಗೊಂದು ಮಾತು ಹೇಳ್ಬಾರದಿತ್ತಾ ಮಾವ?"

"ಪ್ರತಿ ಶುಕ್ರವಾರ ಫೋನಲ್ಲಿ ಸ್ಟಾರ್ ಕೊಟ್ಟೋರ ಪಟ್ಟೀಲಿ ನಿನ್ನ ಹೆಸರು ಹುಡುಕ್ತಿದ್ದೆ. ಒಂದ್ಸಲ ನಾಲ್ಕು ಸ್ಟಾರ್ ಕೊಡ್ಲಿ, ನನ್ನ ಕೈರುಚಿ ನೆನಪಿದೆ ಅಂದ್ಕೋತೀನಿ, ಆಮೇಲೆ ಹೇಳೋಣ ಅಂತ. ನೀನು ಐದರಿಂದ ಕೆಳಗೆ ಇಳೀಲೇ ಇಲ್ವಲ್ಲ ತಾಯಿ."

(ಇಲ್ಲಿ ಅವಳು ಅತ್ತಳು ಎಂದು ಬರೆದಿದ್ದೆ. "ನಾನೆಲ್ಲಿ ಅತ್ತೆ? ಬೆಪ್ಪಾಗಿ ನಿಂತಿದ್ದೆ" ಎಂದು ಅವಳೇ ಹೊಡೆದು ಹಾಕಿಸಿದಳು.)

೫
ಒಂದು ಕೊನೆ: ಮಗಳು ರುಚಿ ನೋಡಿ ಹೇಳುತ್ತಾಳೆ, ಮಾವ ಮತ್ತೆ ಸೌಟು ಹಿಡಿಯುತ್ತಾರೆ. ಚೆನ್ನಾಗಿದೆ ಅಲ್ಲವೇ?

"ಕೇಳಿ ನೋಡ್ದೆ ಕಣ್ರೀ, ಮಾವ ಒಪ್ಲಿಲ್ಲ" ಎನ್ನುತ್ತಾಳೆ ಹೊಲಿಗೆಯವಳು.

ಇನ್ನೊಂದು: ಅವಳು ಈ ವಾರ ನಾಲ್ಕು ಸ್ಟಾರ್ ಕೊಡುತ್ತಾಳೆ. ಆದರೆ ಸ್ಟಾರ್ ಕೊಡಬೇಕೆಂದರೆ ಮೊದಲು ಆರ್ಡರ್ ಮಾಡಬೇಕು. ಮಾಡಿದರೆ ಬರುವುದು ಮಾವನ ಕೈಯ ಊಟವಲ್ಲ. ಮಾಡದಿದ್ದರೆ ಮಾವ ಮೆಟ್ಟಿಲ ಮೇಲೆ ಹಳೆಯ ಐದನ್ನೇ ನೋಡುತ್ತ ಕೂರುತ್ತಾರೆ.

ಇವತ್ತು ಶುಕ್ರವಾರ. ಅವಳ ಹೆಬ್ಬೆರಳು ಗುಂಡಿಯ ಮೇಲೇ ಇದೆ. "ಬರೆಯೋರು ನೀವು. ಏನ್ ಮಾಡ್ಲಿ ಹೇಳ್ರೀ" ಎಂದು ನನ್ನನ್ನೇ ಕೇಳುತ್ತಿದ್ದಾಳೆ. ನನಗೆ ಗೊತ್ತಿದ್ದರೆ ಮೂರು ಸಲ ಹರಿದು ಬರೆಯುತ್ತಿದ್ದೆನೇ? ಒತ್ತಲಿ, ಬಿಡಲಿ.

ಅವಳು ಕೊಟ್ಟ ಮಾತು ಎಂಟು ತಿಂಗಳ ಹಿಂದೆಯೇ ಮುರಿದಿದೆ.