ವೆರೊನಿಕಾ ಬಾಯಿ ಇದ್ದಳೇ?

ಜೋಸ್ಲಿನ್‌ಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ಎಂ.ಎ. ಪ್ರಬಂಧಕ್ಕೆ ಮೂರಾದರೂ ಆಧಾರ ಬೇಕೆಂದು ಮಾರ್ಗದರ್ಶಕರಾದ ಕರುಣಾಕರ ಸರ್ ಹಟ ಹಿಡಿದಿದ್ದರು. ಉಡುಪಿಯ ಕಾಲೇಜು ಲೈಬ್ರರಿಯಲ್ಲಿ ಅವಳಿಗೆ ಮೂರು ಪುಸ್ತಕ ಸಿಕ್ಕಿಯೇ ಬಿಟ್ಟಿದ್ದವು. ಮೂರರಲ್ಲೂ ಒಂದೇ ಮಾತು: ಕಾಪು ಕಡೆಯ ಹೊಳೆಯಲ್ಲಿ ವೆರೊನಿಕಾ ಬಾಯಿ ಎಂಬ ವಿಧವೆ ಒಬ್ಬಳೇ ದೋಣಿ ನಡೆಸುತ್ತಿದ್ದಳು, ನೆರೆ ಬಂದ ದಿನ ಶಾಲೆಯ ಮಕ್ಕಳನ್ನೆಲ್ಲ ದಾಟಿಸಿದಳು. ಇಂಥ ಹೆಂಗಸಿನ ಬಗ್ಗೆ ಬರೆಯದೆ ಇನ್ಯಾರ ಬಗ್ಗೆ ಬರೆಯುವುದು?

ಸರ್ ಪುಸ್ತಕ ಓದಲಿಲ್ಲ. ಪುಟದ ಅಡಿಯಲ್ಲಿದ್ದ ಸಣ್ಣ ಅಕ್ಷರಗಳನ್ನು ನೋಡಿದರು.

"ಮೂರೂ ಒಂದೇ ಕಡೆಯಿಂದ ಎತ್ತಿದ್ದಲ್ವಾ ಮಾರಾಯ್ತಿ? ಇಗರ್ಜಿಯ ಜ್ಯುಬಿಲಿ ಸಂಚಿಕೆ ಅಂತ ಉಂಟು. ಅದರಲ್ಲಿ ಎಂತ ಉಂಟು, ನೋಡಿ ಬಾ."

ಲೈಬ್ರರಿಯ ಹಿಂದಿನ ಕಪಾಟಿನಲ್ಲಿ ಊರೂರಿನ ಸ್ಮರಣ ಸಂಚಿಕೆಗಳು ಧೂಳು ತಿನ್ನುತ್ತಿದ್ದವು. ಶಾಲೆಗೊಂದು, ಚರ್ಚಿಗೊಂದು, ಹಾಲಿನ ಸೊಸೈಟಿಗೊಂದು, ಭಜನಾ ಮಂಡಳಿಗೊಂದು. ನಮ್ಮವರ ಪದ್ಧತಿಯೂ ಚೆನ್ನ! ಗಲ್ಫಿನಿಂದ ಯಾರು ಇಡೀ ಪುಟದ ಜಾಹೀರಾತು ಕೊಡುತ್ತಾರೋ ಅವರಿಂದ ಒಂದು ಲೇಖನವನ್ನೂ ಕೇಳುವುದು ಮರ್ಯಾದೆ. ಅವರಿಗೆ ಬರೆಯಲು ಬರುತ್ತದೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ.

ಇಗರ್ಜಿಯ ಸಂಚಿಕೆಯಲ್ಲಿ ವೆರೊನಿಕಾ ಬಾಯಿಯ ಬಗೆಗಿನ ಲೇಖನ ಸಿಕ್ಕಿತು. ಕೊನೆಯಲ್ಲಿ ಬರೆದವರ ಹೆಸರು: ಸಿಲ್ವೆಸ್ಟರ್ ಕರ್ಡೋಜಾ, ಕುವೈತ್. ಜೋಸ್ಲಿನ್ ಆ ಹೆಸರನ್ನು ಎರಡು ಸಲ ಓದಿದಳು. ಅದು ಅವಳ ಅಪ್ಪ.

ಮನೆಗೆ ಹೋಗುವ ಕಾಪುವಿನ ಬಸ್ಸಿನಲ್ಲಿ ಯೋಚಿಸಿದಷ್ಟೂ ತಲೆ ಗೊಂದಲದ ಗೂಡಾಯಿತು. ಆ ಹೆಂಗಸು ಇದ್ದಳೆನ್ನಲು ಆಧಾರವಿಲ್ಲ. ಇರಲಿಲ್ಲವೆನ್ನಲೂ ಆಧಾರವಿಲ್ಲ. ಪ್ರಬಂಧ ಕೊಡಲು ಉಳಿದದ್ದು ಒಂದೇ ವಾರ. ಬೇರೆ ವಿಷಯ ಹಿಡಿದರೆ ವರ್ಷವೇ ಹಾಳು. ಅಪ್ಪನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಕುವೈತ್ ಬಿಟ್ಟು ಬಂದು ವರ್ಷಗಳಾಗಿದ್ದ ಸಿಲ್ವೆಸ್ಟರ್ ಹಿತ್ತಲಲ್ಲಿ ಬಂಗುಡೆ ಮೀನು ಹೆಚ್ಚುತ್ತಿದ್ದರು. ಮಗಳು ಸಂಚಿಕೆಯ ಹೆಸರೆತ್ತಿದ್ದೇ ಅವರ ಮುಖ ಅರಳಿತು.

"ಅಂತೂ ಸಿಕ್ಕಿತಲ್ಲ! ನೀನೇ ಹುಡುಕಿ ಖುಷಿಪಡಲಿ ಅಂತ ಸುಮ್ಮನಿದ್ದೆ."

"ನಿಮಗೆ ಯಾರು ಹೇಳಿದ್ದು, ಪಪ್ಪಾ?"

"ನನ್ನ ಮಾಂಯ್, ನಿನ್ನ ಅಜ್ಜಿ. ಗಂಜಿ ಉಣ್ಣಿಸುವಾಗ ಹೇಳ್ತಿದ್ದಳು. ಒಮ್ಮೆ ನಾಲ್ಕು ಮಕ್ಕಳು, ಒಮ್ಮೆ ಇಡೀ ಶಾಲೆ."

"ಹಾಗಾದರೆ ಕಟ್ಟುಕತೆ?"

"ಎಂತ ಕಟ್ಟುಕತೆ? ಮೂರು ಪುಸ್ತಕದಲ್ಲಿ ಉಂಟು ಅಂತ ಮೊನ್ನೆ ನೀನೇ ಹೇಳಿದ್ದಲ್ವಾ?"

"ಆ ಮೂರಕ್ಕೂ ಆಧಾರ ನೀವೇ, ಪಪ್ಪಾ."

ಸಿಲ್ವೆಸ್ಟರ್ ಕತ್ತಿ ಕೆಳಗಿಟ್ಟರು. ಮೊದಲು ಮುಖದಲ್ಲಿ ಹೆಮ್ಮೆ ಮೂಡಿತು, ಆಮೇಲೆ ಅದು ಮೆಲ್ಲನೆ ಇಳಿಯಿತು.

"ಹಾಗಾದರೆ ವೆರೊನಿಕಾ ಬಾಯಿ ಇರಲೇ ಇಲ್ವಾ?" ಓದಿದವಳಿಗೆ ಗೊತ್ತಿರುತ್ತದೆ ಎಂಬಂತೆ ಮಗಳನ್ನೇ ಕೇಳಿದರು.

"ಗೊತ್ತಿಲ್ಲ, ಪಪ್ಪಾ."

ಅವರು ಮೀನನ್ನು ಪಕ್ಕಕ್ಕೆ ಸರಿಸಿದರು. "ಹೇಳಿದವಳಂತೂ ಇದ್ದಳು. ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಾನೂ ಹಾಕಲಿಲ್ಲ, ನೋಡು. ಜಾಹೀರಾತಿಗೆ ನನ್ನ ಫೋಟೋ ಮಾತ್ರ ಮರೆಯದೆ ಕಳಿಸಿದ್ದೆ."

ಅಪ್ಪನ ಕಣ್ಣಲ್ಲಿ ನೀರಿದ್ದದ್ದನ್ನು ಜೋಸ್ಲಿನ್ ಕಂಡಳು. ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದು ಪ್ರಬಂಧದ ಶೀರ್ಷಿಕೆಯನ್ನು ಅಳಿಸಿದಳು. 'ನಾತಾಲಿಯಾ ಕರ್ಡೋಜಾ ಹೇಳಿದ ಕತೆ' ಎಂದು ಟೈಪ್ ಮಾಡಿದಳು. ಅಜ್ಜಿಯ ಹೆಸರು ಅಚ್ಚಿನ ಅಕ್ಷರದಲ್ಲಿ ಅವಳು ನೋಡಿದ್ದು ಅದೇ ಮೊದಲು. ಸರ್ ಇದನ್ನು ಒಪ್ಪುತ್ತಾರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.