ಚಿಟಿಕೆ ಹಿಟ್ಟು

ಬನ್ನಣ್ಣನಿಗೆ ಕೋಪ ಮೂಗಿನ ತುದಿಯಲ್ಲಿ, ತಮಾಷೆ ನಾಲಿಗೆಯ ತುದಿಯಲ್ಲಿ. ಎರಡರ ನಡುವಿನ ಅಂತರ ಕಡಿಮೆಯಾದ್ದರಿಂದ ಅವನು ಬೈಯುತ್ತಿದ್ದಾನೋ ನಗಿಸುತ್ತಿದ್ದಾನೋ ಎಂಬುದು ಗಿರಾಕಿಗಳಿಗೆ ಥಟ್ಟನೆ ತಿಳಿಯುತ್ತಿರಲಿಲ್ಲ. ಇಳಿಜಾರು ಬೀದಿಯ ಮೂಲೆಯಲ್ಲಿ ಅವನ ಬೇಕರಿ. ಮುಂದೆ ಅಂಗಡಿ, ಹಿಂದೆ ಇಟ್ಟಿಗೆಯ ಭಟ್ಟಿ, ಮರದ ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಅಲ್ಲಿ ಅವನೂ ಅವನ ಅಕ್ಕನೂ ಇದ್ದರು. ಅಕ್ಕ ಮದುವೆಯಾಗಲಿಲ್ಲ. ಅವನು ಆಗಿದ್ದ, ಆದರೆ ಭಟ್ಟಿಯ ಬಿಸಿಯನ್ನು ತಡೆದುಕೊಂಡ ಹೆಂಡತಿ ಅಕ್ಕ-ತಮ್ಮನ ಬಾಯನ್ನು ತಡೆದುಕೊಳ್ಳಲಾರದೆ ತವರಿಗೆ ಹೋದವಳು ತಿರುಗಿ ಬರಲಿಲ್ಲ.

ಇತ್ತೀಚೆಗೆ ಬನ್ನಣ್ಣನ ಕೋಪಕ್ಕೆ ಹೊಸ ಮೇವು ಸಿಕ್ಕಿತ್ತು: ಜನರ ಹೊಟ್ಟೆ. ಒಬ್ಬಳು ಬಂದು ಹಾಲು ಹಾಕದ ಬನ್ ಇದೆಯೇ ಎನ್ನುವಳು. ಇನ್ನೊಬ್ಬ ಮೊಟ್ಟೆ ಸೋಕದ ಕೇಕ್ ಕೇಳುವನು. ಮತ್ತೊಬ್ಬರು ಬಂದದ್ದು ಬೇಕರಿಗೆ ಎಂಬುದನ್ನೂ ಮರೆತು, ಗೋಧಿ, ಮೈದಾ ಎರಡೂ ಇಲ್ಲದ ಬ್ರೆಡ್ ಬೇಕೆಂದು ಗಂಭೀರವಾಗಿ ಹೇಳುವರು.

"ಇದೆಯಲ್ಲ," ಎನ್ನುತ್ತಿದ್ದ ಬನ್ನಣ್ಣ. "ಖಾಲಿ ತಟ್ಟೆ ಇದೆ. ಕಟ್ಟಿಕೊಡ್ಲಾ?"

ಎದುರಿಗೆ ಔಷಧಿ ಅಂಗಡಿ. ಅದರ ಮಾಲೀಕನನ್ನು ಬೀದಿಯವರು ಕರೆಯುತ್ತಿದ್ದುದು ಗುಳಿಗೆಯಪ್ಪ ಎಂದು. ಬೆಳಗಿನ ವ್ಯಾಪಾರ ಇಳಿದ ಮೇಲೆ ಅವನು ರಸ್ತೆ ದಾಟಿ ಬಂದು, ಒಂದು ಬನ್ ಕೈಗೆತ್ತಿಕೊಂಡು, ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂರುವನು. ಇಬ್ಬರದೂ ದಿನವೂ ಒಂದೇ ವಾದ.

"ನಮ್ಮ ಕಾಲದಲ್ಲಿ ಕಲ್ಲು ತಿಂದು ಕರಗಿಸ್ತಿದ್ವಿ ಕಣಯ್ಯ," ಎಂದು ಬನ್ನಣ್ಣ ಶುರು ಮಾಡುವನು. "ಈಗಿನವರಿಗೆ ಗಾಳಿ ಕುಡಿದ್ರೂ ಗ್ಯಾಸು. ಆಗ ಇಡೀ ಬೀದಿಗೆ ಒಬ್ಬನಿಗೆ ಹೊಟ್ಟೆನೋವು. ಈಗ ಮನೆಗೆ ಇಬ್ರು. ಎಲ್ಲಾ ಕೊಬ್ಬು, ತಿನ್ನೋಕೆ ಜಾಸ್ತಿ ಆಗಿರೋ ಕೊಬ್ಬು."

"ನಮ್ಮಪ್ಪನ ಕಾಲದಲ್ಲಿ ಹೊಟ್ಟೆ ಔಷಧಿ ಅಂದ್ರೆ ಒಂದು ಸೀಸೆ. ಈಗ ಒಂದು ಗೋಡೆ," ಎನ್ನುವನು ಗುಳಿಗೆಯಪ್ಪ. "ಕಾಯಿಲೆ ಹೆಚ್ಚಾಯ್ತೋ, ಹೇಳ್ಕೊಳ್ಳೋರು ಹೆಚ್ಚಾದ್ರೋ, ನಂಗೊತ್ತಿಲ್ಲ. ಎರಡೂ ಇರ್ಬೇಕು."

"ನಿಂಗೆ ವ್ಯಾಪಾರ. ನೀನು ಹಾಗೇ ಅಂತೀಯ."

"ನಿಂಗೂ ವ್ಯಾಪಾರ. ನೀನು ಹೀಗೇ ಅಂತೀಯ."

"ಊಟ ಬಲ್ಲವನಿಗೆ ರೋಗವಿಲ್ಲ!" ಎಂದು ಬನ್ನಣ್ಣ ಮೇಜು ಕುಟ್ಟಿದರೆ, ಹಿಂದಿನಿಂದ ಅಕ್ಕ ಗಾದೆಯ ಇನ್ನರ್ಧವನ್ನು ಎಸೆಯುವಳು: "ಮಾತು ಬಲ್ಲವನಿಗೆ ಜಗಳವಿಲ್ಲ. ಇಬ್ರೂ ಬಾಯಿ ಮುಚ್ಚಿ, ಹಿಟ್ಟು ಉಬ್ಬೋ ಹೊತ್ತು."

ಆ ಬೇಕರಿಗೆ ಹೆಸರು ತಂದದ್ದು ಬನ್ನಣ್ಣನ ತೋಳಲ್ಲ, ಅಕ್ಕನ ಬಾಯಿ. ಹೊಸ ಮೂಟೆ ಬಿಚ್ಚಿದೊಡನೆ ಅವಳು ಒಂದು ಚಿಟಿಕೆ ಹಿಟ್ಟು ತೆಗೆದು ಬಾಯಿಗೆ ಹಾಕಿಕೊಳ್ಳುವಳು. ಎಂಜಲಲ್ಲಿ ನೆನೆದು ಅದು ಜಿಗುಟಾಗುವವರೆಗೆ ಅಗಿದು, ನಾಲಿಗೆಯಿಂದ ಹಲ್ಲಿಗೆ ಒತ್ತಿ ಎಳೆದು ನೋಡುವಳು. ಎಷ್ಟು ಎಳೆಯುತ್ತದೆ, ಎಲ್ಲಿ ಕಡಿಯುತ್ತದೆ ಎಂಬುದರ ಮೇಲೆ ಅಂದಿನ ನೀರು, ಅಂದಿನ ನಾದುವಿಕೆ, ಉಬ್ಬಲು ಬಿಡುವ ಹೊತ್ತು ಎಲ್ಲವೂ ತೀರ್ಮಾನವಾಗುತ್ತಿತ್ತು. ಆಮೇಲೆ ಮೋರಿಗೆ ಉಗಿದು ಬಾಯಿ ಮುಕ್ಕಳಿಸುವಳು. ನಾದಿದ ಮೇಲೆ ಇನ್ನೊಂದು ಚಿಟಿಕೆ, ಉಬ್ಬಿದ ಮೇಲೆ ಮತ್ತೊಂದು. ಅವಳಿಗೆ ಇದನ್ನು ಕಲಿಸಿದವನು ಅಪ್ಪ, ಅಪ್ಪನಿಗೆ ಅವನಪ್ಪ. ಬನ್ನಣ್ಣನಿಗೂ ಕಲಿಸಲು ನೋಡಿದ್ದರು. ಅವನು ಹೊಟ್ಟೆಬಾಕ, ಅಗಿದದ್ದನ್ನು ನುಂಗಿಬಿಡುತ್ತಿದ್ದ.

ಅಕ್ಕ ಸಣ್ಣಗಾಗತೊಡಗಿದಾಗ ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಅವಳು ಎಂದೂ ದಪ್ಪಗಿದ್ದವಳಲ್ಲ. ಊಟವಾದೊಡನೆ ಹೊಟ್ಟೆ ಹಿಡಿದುಕೊಂಡು ಹಿತ್ತಿಲಿಗೆ ಓಡುವುದು ಅವಳ ಸ್ವಭಾವವೇ ಎಂದು ಬನ್ನಣ್ಣ ತಿಳಿದಿದ್ದ. ಬಾಯಲ್ಲಿ ಹುಣ್ಣಾದಾಗ, ತಲೆ ಸುತ್ತಿದಾಗ, ಬನ್ನಣ್ಣ ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ಕೊಡುತ್ತಿದ್ದ. ಹೊಟ್ಟೆಗೆ ಅದಕ್ಕಿಂತ ಹಗುರವಾದದ್ದು ಯಾವುದಿದೆ? ಒಂದು ಬೆಳಿಗ್ಗೆ ಅವಳು ಹಿಟ್ಟಿನ ತೊಟ್ಟಿಯ ಮೇಲೆ ಕುಸಿದು ಬಿದ್ದಳು. ಎತ್ತಿದರೆ ತೂಕವೇ ಇರಲಿಲ್ಲ. ಆಗ ಬನ್ನಣ್ಣನ ತಮಾಷೆ ನಿಂತಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ತೆಗೆಸಿದಳು, ಕೊಳವೆ ಇಳಿಸಿ ನೋಡಿದಳು, ಕೊನೆಗೆ ಹೇಳಿದಳು. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಜಿಗುಟು ಅಂಶ ಅಕ್ಕನ ಕರುಳಿಗೆ ಆಗದು. ತಿಂದಷ್ಟೂ ಕರುಳು ಸವೆಯುತ್ತದೆ, ಸವೆದ ಕರುಳು ಏನನ್ನೂ ಹೀರಿಕೊಳ್ಳದು. ಇದಕ್ಕೆ ಗುಳಿಗೆಯಿಲ್ಲ. ಬಿಡಬೇಕು, ಪೂರ್ತಿ ಬಿಡಬೇಕು, ಬದುಕಿರುವವರೆಗೆ ಬಿಡಬೇಕು.

"ನಾವು ಬೇಕರಿಯವರು," ಎಂದ ಬನ್ನಣ್ಣ, ಡಾಕ್ಟರಮ್ಮನಿಗೆ ವಿಳಾಸ ತಪ್ಪಿದೆ ಎಂಬಂತೆ.

"ಮಾರಿ. ಇವರು ತಿನ್ನೋದು ಬೇಡ."

ಬನ್ನಣ್ಣನಿಗೆ ಹಟ ಬಂದರೆ ಹಿಡಿಯುವವರಿಲ್ಲ. ಅಂದೇ ಮನೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಹೊಸದು ತಂದ. ಅಕ್ಕನಿಗೆಂದೇ ಬೇರೆ ಒಲೆ, ಬೇರೆ ಸೌಟು, ಒರೆಸಲು ಬೇರೆ ಬಟ್ಟೆ. ಅಕ್ಕಿ ಗಂಜಿ, ಬೇಯಿಸಿದ ತರಕಾರಿ, ಮತ್ತೆ ಅಕ್ಕಿ ಗಂಜಿ. ತಾನು ಮೇಲೆ ಬರುವಾಗ ಮೆಟ್ಟಿಲ ಬುಡದಲ್ಲೇ ಅಂಗಿ ಬದಲಿಸಿ, ಮೊಣಕೈವರೆಗೆ ತೊಳೆದುಕೊಂಡು ಬರುವನು. "ದೇವರ ಮನೆಗೂ ಇಷ್ಟು ಮಡಿ ಮಾಡಿಲ್ಲ ನೀನು," ಎಂದು ಅಕ್ಕ ನಗುವಳು.

ಆದರೆ ಬೆಳಿಗ್ಗೆ ಮೂಟೆ ಬಿಚ್ಚಬೇಕಿತ್ತಲ್ಲ. ಮೊದಲ ದಿನ ಚಿಟಿಕೆ ಹಿಟ್ಟು ಬೆರಳಲ್ಲಿ ಹಿಡಿದು ಅಕ್ಕ ನಿಂತಳು.

"ಇದು?" ಎಂದಳು.

"ಅದೇನು ತಿನ್ನೋದಾ?" ಎಂದ ಬನ್ನಣ್ಣ, ನೀರಿನ ಬಿಂದಿಗೆ ಎತ್ತಿಕೊಂಡೇ. "ಉಗಿದ್ಬಿಟ್ರೆ ಮುಗೀತು. ನೀನು ನೋಡಿ ಹೇಳದಿದ್ರೆ ನಾನು ನೀರೆಷ್ಟು ಹುಯ್ಯಲಿ?"

ಅಕ್ಕನಿಗೂ ಅದು ಸರಿಯೆನಿಸಿತು. ಅಪ್ಪನ ಕಾಲದಿಂದ ಆ ಮನೆಯಲ್ಲಿ ಯಾರೂ ಅದನ್ನು ತಿನ್ನುವುದು ಎಂದು ಕರೆದವರಲ್ಲ. ಬಡಗಿ ಹಲಗೆಯ ಮೇಲೆ ಕೈಯಾಡಿಸುತ್ತಾನೆ, ಚಿನಿವಾರ ಒರೆಗಲ್ಲಿಗೆ ಉಜ್ಜುತ್ತಾನೆ, ಅಕ್ಕ ಬಾಯಿಗೆ ಹಾಕುತ್ತಾಳೆ. ಅದು ಕೆಲಸ. ಅವಳು ಬಾಯಿಗೆ ಹಾಕಿಕೊಂಡಳು, ಅಗಿದಳು, ಉಗಿದಳು, "ಇವತ್ತು ನೀರು ಕಮ್ಮಿ ಹಾಕು" ಎಂದಳು.

ಒಂದು ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಅಕ್ಕನ ಮೈ ತುಂಬಲಿಲ್ಲ. ಹೊಟ್ಟೆ ಹಿಡಿದುಕೊಂಡು ಹಿತ್ತಿಲಿಗೆ ಓಡುವುದು ತಪ್ಪಲಿಲ್ಲ. "ಇಷ್ಟು ಪಥ್ಯ ಮಾಡಿದ್ರೂ ಹೀಗೆ ಅಂದ್ರೆ, ಆ ಡಾಕ್ಟರಮ್ಮನಿಗೆ ಏನೂ ಗೊತ್ತಿಲ್ಲ," ಎಂದು ಬನ್ನಣ್ಣ ಗುಳಿಗೆಯಪ್ಪನ ಮುಂದೆ ಕೂಗಾಡಿದ. "ಎಲ್ಲಾ ಈಗಿನ ಫ್ಯಾಷನ್ನು. ಕಾಯಿಲೆ ಹುಟ್ಟಿಸೋರೇ ಇವರು." ಗುಳಿಗೆಯಪ್ಪ ಅಂದು ವಾದಿಸಲಿಲ್ಲ. ಅಕ್ಕನನ್ನು ಇನ್ನೊಮ್ಮೆ ಕರೆದುಕೊಂಡು ಹೋಗು ಎಂದಷ್ಟೇ ಹೇಳಿ ಎದ್ದುಹೋದ.

ಹೋದರು. ಡಾಕ್ಟರಮ್ಮ ಈ ಸಲ ಅವಸರ ಮಾಡಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತೀರಿ, ಒಂದೂ ಬಿಡದೆ ಹೇಳಿ ಎಂದಳು. ಅಕ್ಕನಿಗೆ ತನ್ನ ಕೆಲಸದ ವಿಷಯ ಯಾರೂ ಕೇಳಿದ್ದಿಲ್ಲ. ಖುಷಿಯಿಂದ ಹೇಳತೊಡಗಿದಳು. ಮೂಟೆ ಬಿಚ್ಚುವುದು, ಹಿಟ್ಟಿನ ಬಣ್ಣ, ಚಿಟಿಕೆ, ಅಗಿಯುವುದು, ಎಳೆ ಕಡಿಯದೆ ಎಷ್ಟು ದೂರ ಬರಬೇಕು ಎಂಬುದು. ಬಾಯಿ ತೆರೆದು ತೋರಿಸಿಯೂ ತೋರಿಸಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

"ದಿನಾ?"

"ದಿನಾ. ಮೂರು ಸಲ. ದೊಡ್ಡ ಆರ್ಡರ್ ಇದ್ರೆ ಇನ್ನೂ ಜಾಸ್ತಿ," ಎಂದಳು ಅಕ್ಕ. "ಆದ್ರೆ ನುಂಗಲ್ಲ, ಉಗಿದ್ಬಿಡ್ತೀನಿ." ಡಾಕ್ಟರಮ್ಮನ ಮುಖ ನೋಡಿ ಅವಳ ದನಿ ಅಲ್ಲಿಗೇ ಇಳಿಯಿತು.

ಅಗಿದ ಹಿಟ್ಟಿನಲ್ಲಿ ಅಷ್ಟಿಷ್ಟು ಎಂಜಲ ಜೊತೆ ಒಳಗೆ ಹೋಗದೇ ಇರದು. ಆ ಕರುಳಿಗೆ ಅಷ್ಟು ಸಾಕು. ಮತ್ತೆ ಪರೀಕ್ಷೆಗಳಾದವು. ಸವೆದ ಕರುಳಿನಲ್ಲಿ ಈಗ ಗಡ್ಡೆಯೊಂದು ಬೆಳೆದಿತ್ತು. ಕತ್ತರಿಸಿ ತೆಗೆಯುವ ಹಂತ ದಾಟಿತ್ತು. ಬನ್ನಣ್ಣ ಡಾಕ್ಟರಮ್ಮನನ್ನು ಒಬ್ಬಳೇ ಸಿಕ್ಕಾಗ ಹಿಡಿದ.

"ಆ ಚಿಟಿಕೆಯಿಂದಾನೇ ಆಗಿದ್ದಾ ಇದು?"

"ಹೇಳೋಕಾಗಲ್ಲ. ಅದಿಲ್ಲದೇ ಇದ್ರೂ ಆಗ್ತಿತ್ತೇನೋ. ಆಗ್ತಿರಲಿಲ್ಲವೇನೋ."

ಹೌದು ಎಂದಿದ್ದರೆ ತಲೆ ಚಚ್ಚಿಕೊಳ್ಳಬಹುದಿತ್ತು, ಇಲ್ಲ ಎಂದಿದ್ದರೆ ಮನೆಗೆ ಹೋಗಬಹುದಿತ್ತು. ಅವನು ಇನ್ನೊಂದು ಕೊಂಬೆಗೆ ಕೈಹಾಕಿದ. "ಇದೆಲ್ಲ ಮೊದಲು ಇರಲಿಲ್ಲ ಅಲ್ವಾ ಡಾಕ್ಟರಮ್ಮ? ಈಗಿನ ಗೋಧಿ, ಈಗಿನ ಗಾಳಿ... ಈಗ ತಾನೇ ಬಂದಿದ್ದು?"

"ಹೆಚ್ಚಾಗಿದೆ ಅನ್ನೋದು ನಿಜ ಇರಬಹುದು. ಆದ್ರೆ ಹೊಸದೇನಲ್ಲ. ಮನೆತನದಲ್ಲಿ ಬರುತ್ತೆ. ನಿಮ್ಮ ಮನೇಲಿ ಹಿಂದೆ ಯಾರಿಗಾದ್ರೂ ಇತ್ತಾ?"

"ಯಾರಿಗೂ ಇಲ್ಲ," ಎಂದ ಬನ್ನಣ್ಣ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅಕ್ಕನಿಗೆ ಅದನ್ನೇ ಹೇಳಿದ. ಅಕ್ಕ ಹೊರಗೆ ನೋಡುತ್ತಲೇ ಒಂದು ಹೆಸರು ಹೇಳಿದಳು. "ಚೋಟು."

ಚೋಟು ಅವರ ಕೊನೆಯ ತಮ್ಮ. ಮಾತು ಬರುವ ಮುಂಚೆ ಹೋದ ಮಗು. ಹೊಟ್ಟೆ ಮಡಕೆಯಂತೆ ಉಬ್ಬಿ, ಕೈಕಾಲು ಕಡ್ಡಿಯಾಗಿ ಸತ್ತಿತ್ತು. ದೃಷ್ಟಿ ತಾಕಿತು ಎಂದರು ಕೆಲವರು, ಹುಳ ಎಂದರು ಕೆಲವರು.

"ಅಮ್ಮ ಬ್ರೆಡ್ ನೆನೆಸಿ ನೆನೆಸಿ ತುರುಕ್ತಿದ್ಲು," ಎಂದಳು ಅಕ್ಕ. "ಪುಷ್ಟಿ ಬರ್ಲಿ ಅಂತ. ಮಗು ಬೇಡ ಅಂತ ಕೈ ಅಡ್ಡ ತರ್ತಿತ್ತು. ನಾನು ತಲೆ ಹಿಡ್ಕೊಳ್ತಿದ್ದೆ, ನೀನು ಕೈ ಹಿಡ್ಕೊಳ್ತಿದ್ದೆ."

ಬನ್ನಣ್ಣ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ.

"ಆಗ ಇರಲಿಲ್ಲ, ಆಗ ಇರಲಿಲ್ಲ ಅಂತ ಅಂಗಡೀಲಿ ಕೂತು ಬಡ್ಕೋತೀಯಲ್ಲ. ಇತ್ತು ಕಣೋ. ಆಗ ಸತ್ತು ಹೋಗ್ತಿದ್ವು. ಸತ್ತೋರು ನಿನ್ನ ಅಂಗಡಿಗೆ ಬಂದು ಅದಿಲ್ಲದ್ದು ಕೊಡಿ, ಇದಿಲ್ಲದ್ದು ಕೊಡಿ ಅಂತ ಕೇಳ್ತಾರಾ?"

ಅಂದಿನಿಂದ ಅಕ್ಕ ಭಟ್ಟಿಯ ಕೆಲಸಕ್ಕೆ ಕೆಳಗಿಳಿಯಲಿಲ್ಲ. ಬನ್ನಣ್ಣ ಅಳತೆಯ ಪಾತ್ರೆ ತಂದು, ಗುಳಿಗೆಯಪ್ಪನಿಂದ ತಕ್ಕಡಿ ತಂದು, ಲೆಕ್ಕ ಹಿಡಿದು ನೀರು ಹುಯ್ದ. ಒಂದು ದಿನ ಬ್ರೆಡ್ ಇಟ್ಟಿಗೆಯಾಯಿತು, ಇನ್ನೊಂದು ದಿನ ನಡುವೆ ಕುಸಿಯಿತು. ಯಾಕೋ ಮೊದಲಿನ ಹಾಗಿಲ್ಲ ಎಂದು ಜನ ಗೊಣಗಿದರು. ಹಾಲು ಹಾಕದ್ದು ಕೇಳಿದವರಿಗೆ, ಮೊಟ್ಟೆಯಿಲ್ಲದ್ದು ಕೇಳಿದವರಿಗೆ, ಅವನು ಈಗ ಇಲ್ಲ ಎಂದಷ್ಟೇ ಹೇಳುತ್ತಿದ್ದ. ಅವರ ಹೊಟ್ಟೆಯ ಕಡೆ ನೋಡುತ್ತಿದ್ದ, ಅವರ ಮಕ್ಕಳ ಕೈಕಾಲು ನೋಡುತ್ತಿದ್ದ. ಬೇಕರಿ ಮುಚ್ಚಬೇಕೆನಿಸಿದರೂ ಮುಚ್ಚಲಿಲ್ಲ. ಅವನಿಗೆ ಬೇರೇನೂ ಬರುತ್ತಿರಲಿಲ್ಲ.

ಡಾಕ್ಟರಮ್ಮ ಕೊನೆಯ ಸಲ ನೋಡಿದಾಗ ಔಷಧಿಯ ಮಾತೆತ್ತಲಿಲ್ಲ. "ಮನೆಗೆ ಕರ್ಕೊಂಡು ಹೋಗಿ. ಇನ್ಮೇಲೆ ಏನು ಕೇಳ್ತಾರೋ ಕೊಡಿ," ಎಂದಳು. ಆ ಮಾತಿನ ಅರ್ಥ ಬನ್ನಣ್ಣನಿಗೆ ಕೂಡಲೇ ಆಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತ.

ಅಕ್ಕ ಕೇಳಿದ್ದು ಒಂದೇ. ಬೆಳಗಿನ ಮೊದಲ ಟ್ರೇ ಭಟ್ಟಿಯಿಂದ ಹೊರಬಂದಿತ್ತು, ಪರಿಮಳ ಮರದ ಹಲಗೆಗಳ ಸಂದಿಯಿಂದ ಮೇಲೆ ಬಂದಿತ್ತು.

"ಒಂದು ತುಂಡು ಬ್ರೆಡ್ ಕೊಡೋ," ಎಂದಳು. "ಅಂಚಿಂದು. ಬೆಣ್ಣೆ ಹಚ್ಚಿ."

"ಆಗಲ್ಲ."

"ಇನ್ನೇನು ಹಾಳಾಗೋಕೆ ಉಳಿದಿದೆ? ಡಾಕ್ಟರಮ್ಮ ಹೇಳಿಲ್ವಾ, ಕೇಳಿದ್ದು ಕೊಡಿ ಅಂತ?"

"ಅವಳು ಹೇಳ್ತಾಳೆ."

"ಎರಡು ವರ್ಷ ಬರೀ ಅಗಿದು ಉಗಿದಿದ್ದೀನಿ. ಒಂದು ಸಲ ನುಂಗ್ತೀನಿ. ಕೊಡೋ, ನನ್ನಪ್ಪ."

ಅವನನ್ನು ಎತ್ತಿ ಆಡಿಸಿದವಳು, ಅವನ ಮೂಗು ಒರೆಸಿದವಳು, ಅವನಲ್ಲಿ ಏನನ್ನೂ ಬೇಡಿದವಳಲ್ಲ. ಬನ್ನಣ್ಣ ಕೆಳಗೆ ಹೋದ. ಇದ್ದುದರಲ್ಲಿ ಚೆನ್ನಾಗಿ ಬೆಂದ ಬ್ರೆಡ್ ಆರಿಸಿ, ಅಂಚು ಕೊಯ್ದು, ಬೆಣ್ಣೆ ಹಚ್ಚಿದ. ಬಿಸಿಗೆ ಬೆಣ್ಣೆ ಕರಗಿ ಬೆರಳಿಗಿಳಿಯಿತು. ಅರ್ಧ ಮೆಟ್ಟಿಲು ಹತ್ತಿದವನು ನಿಂತ. ಕೈಯಲ್ಲಿ ವಿಷ ಹಿಡಿದು ಹೋಗುತ್ತಿದ್ದೇನೆ ಎನಿಸಿತು. ಒಂದು ಮಗುವಿನ ಕೈ ಹಿಡಿದವನು ನಾನು, ಒಂದು ಚಿಟಿಕೆಗೆ ಸರಿ ಎಂದವನೂ ನಾನು, ಇದನ್ನೂ ನಾನೇ ತಿನ್ನಿಸಲೇ ಎನಿಸಿತು. ಅಲ್ಲೇ ಕೂತ. ಕೆಳಗೆ ಹೋಗಿ ಎಸೆಯಲೂ ಮನಸ್ಸಾಗದೆ, ಏನು ಮಾಡುತ್ತಿದ್ದೇನೆಂದು ತಿಳಿಯದೆ, ಆ ತುಂಡನ್ನು ತಾನೇ ತಿಂದುಬಿಟ್ಟ. ಆಮೇಲೆ ಕೈ ತೊಳೆದು, ಅಂಗಿ ಬದಲಿಸಿ, ಮೇಲಿನ ಒಲೆಯಲ್ಲಿ ಗಂಜಿ ಬಿಸಿ ಮಾಡಿ ತಂದ.

ಅಕ್ಕ ಬಟ್ಟಲು ನೋಡಿದಳು, ಅವನ ಮುಖ ನೋಡಿದಳು. ಅವನ ತುಟಿಯ ಮೇಲೆ ಬೆಣ್ಣೆ ಹೊಳೆಯುತ್ತಿತ್ತು.

"ಹೇಗಿತ್ತು?" ಎಂದಳು.

ಬನ್ನಣ್ಣ ತುಟಿ ಒರೆಸಿಕೊಂಡ. "ಸುಮಾರು."

"ಉಪ್ಪು ಕಮ್ಮಿ ಹಾಕಿರ್ತೀಯ," ಎಂದು ಅಕ್ಕ ಗೋಡೆಯ ಕಡೆ ತಿರುಗಿದಳು. ಗಂಜಿ ಮುಟ್ಟಲಿಲ್ಲ. ಆಮೇಲೂ ಕೆಲವು ದಿನ ಇದ್ದಳು. ದಿನವೂ ಬೆಳಿಗ್ಗೆ ಪರಿಮಳ ಮೇಲೆ ಬರುತ್ತಿತ್ತು. ಅವಳು ಮತ್ತೆ ಕೇಳಲಿಲ್ಲ, ಅವನು ಮತ್ತೆ ತರಲಿಲ್ಲ.

ಅಕ್ಕ ಹೋದ ಮೇಲೆ ಬೀದಿಯೆಲ್ಲ ಬಂದಿತು. ಸತ್ತವರ ಮನೆಗೆ ಬಂದವರು ಏನಾದರೂ ಕೇಳಲೇಬೇಕಲ್ಲ. ಮೊದಲು ಬಂದವನು ಗುಳಿಗೆಯಪ್ಪ. ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದ, "ಕೊನೇಲಿ ಏನಾದ್ರೂ ತಿಂದ್ರಾ?"

"ತಿಂದ್ಲು," ಎಂದ ಬನ್ನಣ್ಣ. "ಬ್ರೆಡ್ ಕೇಳಿದ್ಲು. ಬೆಣ್ಣೆ ಹಚ್ಚಿ ಕೊಟ್ಟೆ."

"ಒಳ್ಳೇದು ಮಾಡ್ದೆ. ಆಸೆ ಇಟ್ಕೊಂಡು ಹೋಗಲಿಲ್ಲ, ಪುಣ್ಯಾತ್ಗಿತ್ತಿ."

ಬನ್ನಣ್ಣ ತಲೆಯಾಡಿಸಿದ. ಹಿಂದೆ ನಿಂತಿದ್ದ ಹೆಂಗಸು ಮುಂದೆ ಬಂದು ಅದನ್ನೇ ಕೇಳಿದಳು. ಅವಳಿಗೂ ಅವನು ಅದನ್ನೇ ಹೇಳಿದ.