ಮಂಜನನ್ನು ಒಳಗೆ ಕರೆದದ್ದು

"ಇದ್ನ ಎಲೆ ಬಲಗಡೆಗೆ ಇಡು," ಎಂದು ತಿಮ್ಮಪ್ಪ ಸುತ್ತಿದ್ದ ಕಾಗದ ಬಿಚ್ಚಿ ಬ್ರಾಂಡಿ ಬಾಟಲಿಯನ್ನು ನಾಗುವಿನ ಮುಂದಿಟ್ಟ. "ಒಳ್ಳೆ ಮಾಲು. ನಮ್ಮ ಮಂಜ ಇದ್ದಾಗ ಇಂಥದ್ದು ಕುಡದಂವ ಅಲ್ಲ."

"ಹೌದು ಬಾವ. ಆಗ ಸಿಕ್ಕಿದ್ದನ್ನೇ ಕುಡೀತಿದ್ರು," ಎಂದಳು ನಾಗು, ಒಲೆಯಿಂದ ತಲೆಯೆತ್ತದೆ.

ತಮ್ಮ ಮಂಜ ಹೊಟ್ಟೆ ಊದಿಕೊಂಡು ಮಲಗಿದ್ದಾಗ ಮಾವಳ್ಳಿಯಿಂದ ಈ ಗುಡ್ಡ ಹತ್ತಿ ಒಮ್ಮೆಯೂ ಬಾರದ ತಿಮ್ಮಪ್ಪ ಇಂದು ಇಸ್ತ್ರಿ ಮಾಡಿದ ಪಂಚೆ ಉಟ್ಟು ಬೆಳಿಗ್ಗೆಯೇ ಬಂದು ಕೂತಿದ್ದ. ಮಂಜ ಸತ್ತು ವರ್ಷ ತುಂಬಿತ್ತು. ದೀಪಾವಳಿ ಅಮಾವಾಸ್ಯೆಯ ಸಂಜೆ ಅವನನ್ನು ಒಳಗೆ ಕರೆಯಬೇಕು. ಸತ್ತವರು ಅಲ್ಲಿಯವರೆಗೆ ಅಂಗಳದ ಆಚೆಯೇ ನಿಂತಿರುತ್ತಾರೆಂಬುದು ಆ ಕೇರಿಯ ನಂಬಿಕೆ. ಬದುಕಿದ್ದಾಗ ಅನ್ನ ಬಡಿಸಿದ ಕೈಯೇ ತಂಬಿಗೆ ನೀರು ಹಿಡಿದು, ಹೆಸರು ಹೇಳಿ ಕರೆದರೆ ಹೊಸ್ತಿಲು ದಾಟಿ ಬಂದು ನಡುಮನೆಯ ಮೂಲೆಯಲ್ಲಿ ಹಿರಿಯರ ಸಾಲಿಗೆ ಸೇರುತ್ತಾರೆ. ಅಲ್ಲಿಂದ ಮುಂದೆ ಹಬ್ಬ ಹಬ್ಬಕ್ಕೂ ಮೊದಲ ಎಲೆ ಅವರದು. ಅವರು ಉಂಡೇಳುವವರೆಗೆ ಮನೆಯವರು ಒಂದು ಅಗುಳನ್ನೂ ಮುಟ್ಟುವಂತಿಲ್ಲ.

ನಾಗುವಿಗೆ ಆಗದೇ ಇದ್ದದ್ದು ಆ ಕೊನೆಯ ಮಾತು. ಮದುವೆಯಾದಂದಿನಿಂದ ಅವಳು ಬೇರೆ ಏನು ಮಾಡಿದ್ದಳು? ಮಂಜ ಬರುವವರೆಗೆ ಅನ್ನದ ಪಾತ್ರೆಯ ಮುಂದೆ ಕೂರುವುದು, ಆರಿದ ಅನ್ನವನ್ನು ನೋಡುತ್ತಾ ಮಗಳು ಧನ್ಯಾ ಗೋಡೆಗೊರಗಿ ನಿದ್ದೆ ಹೋಗುವುದು. ಒಮ್ಮೆ ಜ್ವರದ ಮಗುವಿಗೆಂದು ಎರಡು ತುತ್ತು ಮೊದಲೇ ತಿನ್ನಿಸಿದ್ದಕ್ಕೆ ಅವನು ಇಡೀ ಪಾತ್ರೆಯನ್ನು ಅಂಗಳಕ್ಕೆ ಒದ್ದಿದ್ದ. ಮನೆಗೆ ಹಿಡಿ ಅಕ್ಕಿ ತಂದವನಲ್ಲ, ಆದರೆ ಮೊದಲ ತುತ್ತು ಮಾತ್ರ ಅವನಿಗೇ ಬೇಕು. ಈ ಒಂದು ವರ್ಷ ತಾಯಿ ಮಗಳು ಹಸಿವಾದಾಗ ಉಂಡಿದ್ದರು. ಗಂಜಿಯಿಂದ ಹಬೆ ಏಳುತ್ತದೆ ಎನ್ನುವುದೇ ಧನ್ಯಾಳಿಗೆ ಹೊಸ ಸಂಗತಿಯಾದಂತಿತ್ತು.

"ನಾ ಕರೀದಿಲ್ಲ. ಬೇಕಾದ್ರೆ ನೀವು ಕರೀರಿ," ಎಂದು ವಾರದ ಹಿಂದೆಯೇ ಹೇಳಿದ್ದಳು.

"ನಾ ಕರದ್ರೆ ಬರೂದಿಲ್ವೆ. ನೀನೇ ಕರೀಬೇಕು," ಎಂದಿದ್ದ ತಿಮ್ಮಪ್ಪ. "ಅಂವ ಹೊರಗೆ ತಿರುಗ್ತಾ ಇದ್ದ ಅಂತ್ಲೇ ನನ್ನ ಬೈಕು ಮೊನ್ನೆ ಚರಂಡಿಗೆ ಹೋಗಿದ್ದು."

"ನೀವೂ ಅವತ್ತು ಕುಡದಿದ್ರಾ ಬಾವ?"

ಅತ್ತೆ ಹೊನ್ನಿ ಬಾಯಿಬಿಟ್ಟು ಜಗಳಾಡಲಿಲ್ಲ. ಇಂದು ಬೆಳಗಿನಿಂದ ಚಹಾ ಸಹ ಮುಟ್ಟದೆ ಜಗಲಿಯಲ್ಲಿ ಕೂತಿದ್ದಳು. "ಅಂವ ಒಳಗೆ ಬಂದ್ ಮೇಲೇ ನಾ ಉಣ್ಣೂದು. ನನ್ ಮಗಂಗೆ ನಿನ್ ಕೈ ಕೋಳಿ ಆಸಿ ಅಂದ್ರೆ ಜೀವ ಆಗಿತ್ತು," ಎಂದಳು.

ಆ ಜೀವವನ್ನು ನಾಗು ಎಂದೂ ಕಂಡಿರಲಿಲ್ಲ. "ನಾಯಿ ಮೂಸೂದಿಲ್ಲ ಇದ್ನ" ಎಂದಷ್ಟೇ ಕೇಳಿದ್ದಳು. ಸತ್ತವರ ನಾಲಗೆ ಎಷ್ಟು ಬೇಗ ಒಳ್ಳೆಯದಾಗುತ್ತದೆ ಎಂದುಕೊಂಡು ಕುದಿಯುತ್ತಿದ್ದ ಆಸಿ ಸಾರಿಗೆ ತೆಂಗಿನ ಹಸಿಕಾಯಿ ಅರೆದು ಹಾಕಿದಳು. ಹಲಸಿನೆಲೆಯ ಕೊಟ್ಟೆಯಲ್ಲಿ ರೊಟ್ಟಿ ಬೇಯುತ್ತಿತ್ತು. ಎಡೆ ಇಡುವವರೆಗೆ ಉಪ್ಪು ಸಹ ನೋಡುವಂತಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ನಡುಮನೆಯಲ್ಲಿ ಎಲೆ ಹಾಸಿ, ಎಲ್ಲವನ್ನೂ ಬಡಿಸಿ, ಬಾಟಲಿ ಇಟ್ಟರು. ಹೊನ್ನಿ ತಂಬಿಗೆಯನ್ನು ತಂದು ಸೊಸೆಯ ಮುಂದೆ ಹಿಡಿದಳು. ಮುದುಕಿಯ ಕೈ ಹಸಿವಿನಿಂದ ನಡುಗಿ ನೀರು ತುಳುಕುತ್ತಿತ್ತು. ಮಗನ ಮೇಲಿನ ಸಿಟ್ಟನ್ನು ಈ ಹೊಟ್ಟೆಯ ಮೇಲೆ ತೀರಿಸುವುದು ನಾಗುವಿಗೆ ಹೇಸಿಗೆ ಎನಿಸಿತು. ತಂಬಿಗೆ ತೆಗೆದುಕೊಂಡು ಅಂಗಳದ ಅಂಚಿಗೆ ಹೋದಳು.

ಎದುರಿಗೆ ಗುಡ್ಡದ ಕಪ್ಪು. ಧನ್ಯಾಳಿಗೆ ಜ್ವರ ಏರಿದ್ದ ದಿನ ಸಾರಾಯಿ ಅಂಗಡಿಯ ಬಾಗಿಲಲ್ಲಿ ನಿಂತು ಇದೇ ಹೆಸರಿನವನನ್ನು ಎಷ್ಟು ಕರೆದಿದ್ದಳು. ಅವನು ಎದ್ದು ಬಂದಿರಲಿಲ್ಲ. ಹತ್ತು ಮಾರು ದೂರದಿಂದ ಬಾರದವನು ಸತ್ತ ಮೇಲೆ ಓಡಿ ಬರುತ್ತಾನೆಂದು ಇವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಇಷ್ಟಕ್ಕೆ ತಾನು ವಾರವಿಡೀ ಹೆದರಿದೆನಲ್ಲ ಎಂದು ನಾಗುವಿಗೆ ನಗು ಬಂತು.

"ಮಂಜಾ, ಬಾ. ಬಾ ಬಾ ಬಾ," ಎಂದು ಸಂಜೆ ಕೋಳಿಗಳನ್ನು ಗೂಡಿಗೆ ಕರೆಯುವ ದನಿಯಲ್ಲಿ ಕರೆದಳು.

"ಸಮಾ ಕರಿಯೇ, ಮಾರಾಯ್ತಿ," ಎಂದ ತಿಮ್ಮಪ್ಪ.

"ಬರೂದಿದ್ರೆ ಇಷ್ಟಕ್ಕೇ ಬರ್ತ್ರು ಬಾವ."

ಹೊಸ್ತಿಲ ಮೇಲೆ ನೀರು ಹೊಯ್ದಳು. ನಡುಮನೆಯ ಬಾಗಿಲು ಹಾಕಿ, ಸತ್ತವನು ಉಣ್ಣಲೆಂದು ಎಲ್ಲರೂ ಜಗಲಿಯಲ್ಲಿ ಕೂತರು. ಹೊನ್ನಿ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ನಾಗು ಮಗಳ ಕೈ ಹಿಡಿದು ಮನೆಯ ಪಕ್ಕದಿಂದ ಬಳಸಿ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಬಂದಳು. ಎರಡು ತಟ್ಟೆ ಇಟ್ಟು, ಒಂದು ಕೊಟ್ಟೆ ಬಿಡಿಸಿ ಬಿಸಿ ರೊಟ್ಟಿಯ ಮೇಲೆ ಆಸಿ ಸುರಿದಳು.

"ಅಬ್ಬೆ, ಅಪ್ಪ ಇನ್ನೂ ಉಣ್ತಾ ಇದ್ದ," ಧನ್ಯಾ ಪಿಸುಗುಟ್ಟಿದಳು.

"ಉಣ್ಲಿ. ಯಾರು ಬೇಡ ಅಂದ್ರು? ನೀ ಉಣ್ಣು."

ಧನ್ಯಾ ಬಾಗಿಲ ಕಡೆ ನೋಡಿದಳು, ತಟ್ಟೆಯನ್ನು ನೋಡಿದಳು, ಮೆಲ್ಲಗೆ ರೊಟ್ಟಿ ಮುರಿದಳು. ಬಾಯಿ ಸುಟ್ಟು ಹಾ ಎಂದು ಊದಿಕೊಂಡಳು.

ಗೋಡೆಯಾಚೆ ತಿಮ್ಮಪ್ಪ ನಡುಮನೆಯ ಬಾಗಿಲನ್ನು ಬೆರಳಿನಿಂದ ತಟ್ಟಿದ ಸದ್ದು ಕೇಳಿತು. "ಆತಾ ತಮ್ಮಾ? ಬಾಗ್ಲು ತೆಗೂಕೆ ಅಡ್ಡಿಲ್ಯಾ?" ಎಂದು ಭಯಭಕ್ತಿಯಿಂದ ಕೇಳಿ, ಉತ್ತರಕ್ಕಾಗಿ ಕಾದ.

ನಾಗು ಪಾತ್ರೆಯಲ್ಲಿ ಸೌಟು ಆಡಿಸಿ, ದೊಡ್ಡ ತುಂಡೊಂದನ್ನು ಹುಡುಕಿ ಮಗಳ ತಟ್ಟೆಗೆ ಹಾಕಿದಳು.